ಸಣ್ಣ ವಿಮಾನ ನಿಲ್ದಾಣಕ್ಕೆ ಇಪ್ಪತ್ತು ವರ್ಷದ ಯೋಜನೆ: ಜಾಗ ಮೊದಲು, ಕಟ್ಟಡ ಆಮೇಲೆ

ಮೈಸೂರಿನ ಮಂಡಕಳ್ಳಿ ನಿಲ್ದಾಣದ ರನ್‌ವೇ 1,740 ಮೀಟರ್. ಶಿವಮೊಗ್ಗದ ಸೋಗಾನೆಯದು 3,200 ಮೀಟರ್. ಮೈಸೂರಿಗೆ ಅರಮನೆ, ದಸರಾ, ಐಟಿ ಕಂಪನಿಗಳು ಎಲ್ಲ ಇದ್ದೂ ಏರ್‌ಬಸ್ ಇಳಿಸುವಷ್ಟು ಉದ್ದವಿಲ್ಲ. ಶಿವಮೊಗ್ಗದಲ್ಲಿ ಉದ್ದಕ್ಕೆ ಕೊರತೆಯಿಲ್ಲ, ಆದರೆ 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಬಂದ ಮೊದಲ ಪ್ರಯಾಣಿಕ ವಿಮಾನ ಎಟಿಆರ್ ಎಂಬ ಸಣ್ಣ ಪ್ರೊಪೆಲರ್ ವಿಮಾನ. ಮಂಡಕಳ್ಳಿಯಲ್ಲೂ ಆರಾಮಾಗಿ ಇಳಿಯುವ ವಿಮಾನ ಅದು.

ಒಂದು ಕಡೆ ಜಾಗವಿಲ್ಲ, ಇನ್ನೊಂದು ಕಡೆ ಜಾಗಕ್ಕೆ ತಕ್ಕ ವಿಮಾನವಿಲ್ಲ. ಎರಡರಲ್ಲಿ ಯಾವುದು ವಾಸಿ ಎಂದರೆ ನಾನು ಶಿವಮೊಗ್ಗದ ಪಾಡೇ ವಾಸಿ ಎನ್ನುತ್ತೇನೆ. ವಿಮಾನ ನಾಳೆ ಬರಬಹುದು, ಸುತ್ತ ಬಡಾವಣೆ ಎದ್ದ ಮೇಲೆ ಜಾಗ ಮಾತ್ರ ಬರುವುದಿಲ್ಲ. ಆದರೆ ಜಾಗ ಹಿಡಿದಿಟ್ಟುಕೊಳ್ಳುವುದು ಬೇರೆ, ಹಿಡಿದ ಜಾಗದಲ್ಲೆಲ್ಲ ಮೊದಲ ದಿನವೇ ಕಾಂಕ್ರೀಟ್ ಸುರಿಯುವುದು ಬೇರೆ. ಈ ವ್ಯತ್ಯಾಸವನ್ನು ಕಾಗದದ ಮೇಲೆ ತರುವುದೇ ದೀರ್ಘಾವಧಿ ಯೋಜನೆ.

ನಕ್ಷೆ ಬರೆಯುವವರು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದವರೋ (ಎಎಐ), ರಾಜ್ಯದ ಕೈಗಾರಿಕಾ ಮೂಲಸೌಕರ್ಯ ನಿಗಮ ಕೆಎಸ್‌ಐಐಡಿಸಿ ನೇಮಿಸಿದ ಸಲಹಾ ಸಂಸ್ಥೆಯವರೋ ಆಗಿರುತ್ತಾರೆ. ಆದರೆ ಆ ನಕ್ಷೆ ಜಿಲ್ಲಾ ವಾಣಿಜ್ಯೋದ್ಯಮ ಸಂಘ, ನಗರಾಭಿವೃದ್ಧಿ ಪ್ರಾಧಿಕಾರ, ವಿಮಾನ ನಿಲ್ದಾಣ ಸಲಹಾ ಸಮಿತಿಗಳ ಮುಂದೆ ಬಂದೇ ಬರುತ್ತದೆ. ಅಲ್ಲಿ ಕೂರುವವರಿಗೆ ಯಾವ ಕ್ರಮದಲ್ಲಿ ಏನು ಕೇಳಬೇಕು, ಏನು ಲೆಕ್ಕ ಹಾಕಬೇಕು ಎಂದು ಹೇಳುವುದು ಈ ಬರಹದ ಕೆಲಸ.

1. ಯಾರು ಹೋಗುತ್ತಾರೆ, ಯಾರ ದುಡ್ಡಲ್ಲಿ ಹೋಗುತ್ತಾರೆ

ಸಭೆ ಕರೆದು «ನಮ್ಮೂರಿಗೆ ವಿಮಾನ ಬೇಕೇ?» ಎಂದರೆ ಎಲ್ಲರೂ ಕೈ ಎತ್ತುತ್ತಾರೆ. ಅದು ಆಸೆ, ಬೇಡಿಕೆಯಲ್ಲ. ಸಮೀಕ್ಷೆಯಲ್ಲಿ ಹೀಗೆ ಕೇಳಿ: ಕಳೆದ ಹನ್ನೆರಡು ತಿಂಗಳಲ್ಲಿ ಬೆಂಗಳೂರು, ಹೈದರಾಬಾದ್, ಮುಂಬೈಗೆ ಎಷ್ಟು ಸಲ ಹೋಗಿದ್ದೀರಿ? ಯಾವುದರಲ್ಲಿ? ಹೋಗಿಬರಲು ಎಷ್ಟಾಯಿತು? ಟಿಕೆಟ್ ದುಡ್ಡು ಕೈಯಿಂದಲೋ, ಕಂಪನಿಯದೋ? ಅಲ್ಲಿಂದ ಮುಂದೆ ಇನ್ನೊಂದು ವಿಮಾನ ಹತ್ತಿದಿರಾ? ಕೊನೆಯ ಎರಡು ಪ್ರಶ್ನೆಗೆ ಬರುವ ಉತ್ತರದಲ್ಲೇ ಅರ್ಧ ಯೋಜನೆ ಇದೆ. ಕಂಪನಿ ದುಡ್ಡಲ್ಲಿ ಹೋಗುವವರಿಗೆ ಸಮಯ ಮುಖ್ಯ. ಕೈಯಿಂದ ಕೊಡುವವರು ಸ್ಲೀಪರ್ ಬಸ್ಸಿನ ದರದ ಜೊತೆ ಹೋಲಿಸಿ ನೋಡುತ್ತಾರೆ. ಮುಂದಿನ ವಿಮಾನ ಹಿಡಿಯುವವರಿಗೆ ಬೆಂಗಳೂರು ಬರೀ ದಾರಿ, ಹಾಗಾಗಿ ಅವರಿಗೆ ಹೈದರಾಬಾದ್ ಆದರೂ ನಡೆಯುತ್ತದೆ.

ಕೇಳುವುದರ ಜೊತೆಗೆ ಎಣಿಸಿ. ಶುಕ್ರವಾರ, ಭಾನುವಾರ ರಾತ್ರಿ ನಿಮ್ಮೂರು ಬಿಡುವ ಸ್ಲೀಪರ್ ಬಸ್ಸುಗಳು ಎಷ್ಟು, ರೈಲಿನ ಎಸಿ ಬೋಗಿಗಳ ವೇಟಿಂಗ್ ಲಿಸ್ಟ್ ಎಷ್ಟುದ್ದ, ಒಳ್ಳೆಯ ಹೋಟೆಲುಗಳಲ್ಲಿ ವಾರದ ಮಧ್ಯೆ ಎಷ್ಟು ಕೋಣೆ ತುಂಬುತ್ತವೆ, ಮೆಡಿಕಲ್ ಕಾಲೇಜು, ಸಕ್ಕರೆ ಕಾರ್ಖಾನೆ, ಸಿಮೆಂಟ್ ಕಂಪನಿಗೆ ಹೊರಗಿನಿಂದ ಬಂದುಹೋಗುವವರು ಎಷ್ಟು ಎಂದು ನೋಡಿ. ಇದಕ್ಕೆಲ್ಲ ದೊಡ್ಡ ಸಲಹೆಗಾರರು ಬೇಕಿಲ್ಲ, ವಾಣಿಜ್ಯ ಕಾಲೇಜಿನ ಹುಡುಗರು ಸಾಕು.

ಆಮೇಲೆ ನಿಲ್ದಾಣದಿಂದ ರಸ್ತೆಯಲ್ಲಿ ಒಂದೂವರೆ ಗಂಟೆಯೊಳಗೆ ಮುಟ್ಟುವ ಊರುಗಳನ್ನು ಗುರುತಿಸಿ. ಕಂಪಾಸಿನ ವೃತ್ತ ಬೇಡ, ಘಟ್ಟ, ನದಿ, ಕೆಟ್ಟ ರಸ್ತೆ ವೃತ್ತವನ್ನು ಕೇಳುವುದಿಲ್ಲ. ನಿಮ್ಮ ಊರುಗಳ ಪಟ್ಟಿಯಲ್ಲಿ ಇನ್ನೊಂದು ನಿಲ್ದಾಣಕ್ಕೂ ಸೇರುವವು ಎಷ್ಟಿವೆ ಎಂದು ನೋಡಿ. 2018ರಲ್ಲಿ ಹುಬ್ಬಳ್ಳಿಯಲ್ಲಿ ಉಡಾನ್, ಅಂದರೆ ಸಣ್ಣ ಊರುಗಳ ಮಾರ್ಗಕ್ಕೆ ಸರ್ಕಾರ ನೆರವು ಕೊಡುವ ಯೋಜನೆಯ ವಿಮಾನಗಳು ಶುರುವಾದಾಗ ಬೆಳಗಾವಿಯ ವಿಮಾನಗಳು ಅತ್ತ ಸರಿದವು. 2019ರಲ್ಲಿ ಬೆಳಗಾವಿಗೂ ಉಡಾನ್ ಬಂದ ಮೇಲೆ ಅಲ್ಲಿ ಮತ್ತೆ ಉಸಿರು ಬಂತು. ರೈಲನ್ನೂ ಮರೆಯಬೇಡಿ. 2023ರ ಜೂನ್‌ನಲ್ಲಿ ಧಾರವಾಡದಿಂದ, 2024ರ ಮಾರ್ಚ್‌ನಲ್ಲಿ ಕಲಬುರಗಿಯಿಂದ ಬೆಂಗಳೂರಿಗೆ ವಂದೇ ಭಾರತ್ ಬಂದಿದೆ. ಅದಕ್ಕೆ ಮುಂಚಿನ ಬೇಡಿಕೆ ವರದಿ ಯಾರಾದರೂ ತೋರಿಸಿದರೆ ಅದನ್ನು ಹಳೆಯದು ಎಂದೇ ತಿಳಿಯಿರಿ.

ಇನ್ನು ಉಡಾನ್. ಈ ಯೋಜನೆಯಲ್ಲಿ ವಿಮಾನ ಕಂಪನಿಗೆ ನಷ್ಟ ತುಂಬಿಕೊಡುವ ನೆರವು ಮೂರು ವರ್ಷದ್ದು, ಅದರಲ್ಲಿ ರಾಜ್ಯದ ಪಾಲು ಸಾಮಾನ್ಯವಾಗಿ ಶೇ 20. ನೆರವು ಮುಗಿದ ಮೇಲೆ ಏನಾಗುತ್ತದೆ? 2023ರ ಸಿಎಜಿ ವರದಿ ನೋಡಿ. ಉಡಾನ್ ಮೂರನೇ ಸುತ್ತಿನವರೆಗೆ ಕೊಟ್ಟ 774 ಮಾರ್ಗಗಳಲ್ಲಿ 403 ಶುರುವಾಗಲೇ ಇಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಆಮೇಲೂ ನಿಂತದ್ದು 54. ಬೀದರ್ ಇದನ್ನು ಕಣ್ಣಾರೆ ಕಂಡಿದೆ: 2020ರ ಫೆಬ್ರುವರಿಯಲ್ಲಿ ವಿಮಾನ ಬಂತು, ನಿಂತಿತು, 2022ರಲ್ಲಿ ಮತ್ತೆ ಬಂತು, 2023ರ ಕೊನೆಗೆ ಮತ್ತೆ ನಿಂತಿತು, 2025ರಲ್ಲಿ ಮತ್ತೆ ಬಂತು. ಇಪ್ಪತ್ತು ವರ್ಷದ ಲೆಕ್ಕದಲ್ಲಿ ನೆರವಿನ ವಿಮಾನಗಳನ್ನು ಬೇರೆ ಸಾಲಿನಲ್ಲಿ ಬರೆಯಿರಿ, ನಾಲ್ಕನೇ ವರ್ಷಕ್ಕೆ ಆ ಸಾಲು ಸೊನ್ನೆಯಾದರೆ ನಿಲ್ದಾಣದ ಗತಿ ಏನೆಂದು ಪಕ್ಕದಲ್ಲೇ ಬರೆಯಿರಿ.

ಅಂದಾಜಿಗೆ ಒಂದು ಅಳತೆ ಇಟ್ಟುಕೊಳ್ಳಿ. 78 ಸೀಟಿನ ಎಟಿಆರ್ ದಿನಕ್ಕೊಮ್ಮೆ ಬಂದುಹೋದರೆ, ಸೀಟು ಮುಕ್ಕಾಲು ತುಂಬಿದರೆ, ವರ್ಷಕ್ಕೆ ಸುಮಾರು 42,700 ಪ್ರಯಾಣಿಕರು. ಯಾರಾದರೂ ಐದು ಲಕ್ಷ ಪ್ರಯಾಣಿಕರ ಮಾತಾಡಿದರೆ, ಅಂದರೆ ದಿನಕ್ಕೆ ಹನ್ನೆರಡು ಎಟಿಆರ್, ಎಲ್ಲಿಗೆ ಎಂದು ಕೇಳಿ.

2. ವಿಮಾನ ರಾತ್ರಿ ಎಲ್ಲಿ ತಂಗುತ್ತದೆ

ಇದನ್ನು ಕೇಳುವವರು ಕಡಿಮೆ, ಆದರೆ ನನ್ನ ಮಟ್ಟಿಗೆ ಇದು ರನ್‌ವೇ ಉದ್ದಕ್ಕಿಂತ ದೊಡ್ಡ ಪ್ರಶ್ನೆ. ಶಿವಮೊಗ್ಗದ ಮೊದಲ ವಿಮಾನ ಮಧ್ಯಾಹ್ನಕ್ಕೆ ಮುಂಚೆ ಬಂದು, ಇಪ್ಪತ್ತು ನಿಮಿಷ ನಿಂತು, ವಾಪಸಾಗುವ ಥರದ್ದು. ಬೆಳಿಗ್ಗೆ ಬೆಂಗಳೂರಿಗೆ ಹೋಗಿ ಹೈಕೋರ್ಟ್ ಕೆಲಸವೋ ಆಸ್ಪತ್ರೆಯೋ ಮುಗಿಸಿ ರಾತ್ರಿ ಮನೆಯೂಟಕ್ಕೆ ಬರಬೇಕೆನ್ನುವವನಿಗೆ ಇಂಥ ವಿಮಾನದಿಂದ ಉಪಯೋಗವಿಲ್ಲ. ಅವನು ರಾತ್ರಿ ಬಸ್ಸೇ ಹತ್ತುತ್ತಾನೆ.

ಬೆಳಿಗ್ಗೆ 7ಕ್ಕೆ ನಿಮ್ಮೂರಿನಿಂದ ಹೊರಡಬೇಕಾದರೆ ಹಿಂದಿನ ರಾತ್ರಿ ವಿಮಾನ ನಿಮ್ಮೂರಲ್ಲೇ ತಂಗಬೇಕು. ತಂಗಬೇಕಾದರೆ ಕತ್ತಲಲ್ಲಿ ಇಳಿಯುವ ದೀಪ, ಅದಕ್ಕೆ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಅನುಮತಿ, ನಿಲ್ಲಿಸುವ ಜಾಗ, ಇಂಧನ, ಬೆಳಗಿನ ಜಾವ ಪರೀಕ್ಷಿಸುವ ಎಂಜಿನಿಯರ್, ಪೈಲಟ್‌ಗಳಿಗೆ ಸರಿಯಾದ ಹೋಟೆಲು, ಎರಡನೇ ಪಾಳಿಯ ಸಿಬ್ಬಂದಿ, ಎಲ್ಲ ಬೇಕು. ಇಷ್ಟು ಇದ್ದರೂ ಬೆಂಗಳೂರಿನಲ್ಲಿ ಬೆಳಗಿನ ದಟ್ಟಣೆಯ ಹೊತ್ತಿಗೆ ಇಳಿಯುವ ಸ್ಲಾಟ್ ಸಿಗಬೇಕು. ಅದು ಬೆಂಗಳೂರಿನವರ ಕೈಯಲ್ಲಿದೆ. ಆದ್ದರಿಂದ ಯೋಜನೆಯ ಮೊದಲ ಐದು ವರ್ಷದಲ್ಲಿ ದುಡ್ಡು ಹಾಕಬೇಕಾದ್ದು ನೈಟ್ ಲ್ಯಾಂಡಿಂಗ್ ಮತ್ತು ಪಾರ್ಕಿಂಗ್ ಬೇಗಳ ಮೇಲೆ. ಟರ್ಮಿನಲ್ಲಿನ ಗಾಜು, ಕಮಾನು, ಶಿಲ್ಪ ಆಮೇಲೆ.

ಮಂಜು, ಮಳೆ, ತಗ್ಗಿನ ಮೋಡ ಇರುವ ಊರಾದರೆ ಇನ್ನೊಂದು ಮಾತು. ಸಿಕ್ಕಿಂನ ಪಾಕ್ಯಾಂಗ್‌ನಲ್ಲಿ 2018ರ ಅಕ್ಟೋಬರ್‌ನಲ್ಲಿ ಶುರುವಾದ ವಿಮಾನ ಮುಂದಿನ ವರ್ಷದ ನಡುವಿಗೇ ನಿಂತದ್ದಕ್ಕೆ ಮುಖ್ಯ ಕಾರಣ ಮುಂದಿನದು ಕಾಣಿಸದಂಥ ಹವೆ. ಮಲೆನಾಡಿನವರು ನಾಲ್ಕೈದು ವರ್ಷದ ಹವಾಮಾನ ದಾಖಲೆ ತೆಗೆಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಿನ 6ರಿಂದ 9ರ ನಡುವೆ ಗೋಚರತೆ ಎಷ್ಟಿರುತ್ತದೆ ಎಂದು ನೋಡಲೇಬೇಕು. ಉಪಕರಣಗಳ ನೆರವಿನಿಂದ ಇಳಿಸುವ ವ್ಯವಸ್ಥೆಗೆ ಹಾಕುವ ದುಡ್ಡನ್ನು ಆ ದಾಖಲೆ ಸಮರ್ಥಿಸುತ್ತದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

3. ರನ್‌ವೇ ಲೆಕ್ಕ ನೀವೇ ಒಮ್ಮೆ ಹಾಕಿ

ಯಾವ ವಿಮಾನಕ್ಕೆ ಎಂದು ತೀರ್ಮಾನಿಸದೆ ಉದ್ದದ ಮಾತೇ ಬೇಡ. ಸಣ್ಣ ನಿಲ್ದಾಣಕ್ಕೆ ಸಾಮಾನ್ಯವಾಗಿ ಇಬ್ಬರು ಅಭ್ಯರ್ಥಿಗಳು: ಸುಮಾರು 23 ಟನ್ ತೂಕದ ಎಟಿಆರ್-72 ಮತ್ತು 78-79 ಟನ್ನಿನ ಏರ್‌ಬಸ್ ಎ320. ನಡುವೆ ಸ್ಟಾರ್ ಏರ್‌ನಂಥವರು ಹಾರಿಸುವ ಎಂಬ್ರೇರ್ ಜೆಟ್.

ಲೆಕ್ಕ ಹೀಗಿದೆ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಮತಟ್ಟಾದ ನೆಲದಲ್ಲಿ ಬೇಕಾದ ಉದ್ದವನ್ನು ಮೂಲವಾಗಿ ಇಟ್ಟುಕೊಳ್ಳುತ್ತಾರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಸಿಎಒ) ಕೈಪಿಡಿ ಪ್ರಕಾರ ಪ್ರತಿ 300 ಮೀಟರ್ ಎತ್ತರಕ್ಕೆ ಶೇ 7, ಆ ಎತ್ತರದ ಮಾನಕ ಉಷ್ಣತೆಗಿಂತ ಹೆಚ್ಚಿರುವ ಪ್ರತಿ ಡಿಗ್ರಿಗೆ ಶೇ 1, ಪ್ರತಿ ಶೇ 1 ಇಳಿಜಾರಿಗೆ ಶೇ 10 ಸೇರಿಸಬೇಕು. ಮೂಲ ಉದ್ದ 1,800 ಮೀಟರ್ ಎಂದುಕೊಳ್ಳಿ. ಊರು ಕಲ್ಯಾಣ ಕರ್ನಾಟಕದಲ್ಲಿ, 450 ಮೀಟರ್ ಎತ್ತರದಲ್ಲಿ. ಎತ್ತರಕ್ಕೆ ಶೇ 10.5 ಸೇರಿ 1,989 ಆಯಿತು. ಮೇ ತಿಂಗಳ ಸರಾಸರಿ ಗರಿಷ್ಠ 40 ಡಿಗ್ರಿ, ಆ ಎತ್ತರದ ಮಾನಕ ಉಷ್ಣತೆ 12. ವ್ಯತ್ಯಾಸ 28, ಅಂದರೆ ಶೇ 28 ಸೇರಿ 2,546. ಇಳಿಜಾರು ಅರ್ಧ ಪರ್ಸೆಂಟ್, ಅದಕ್ಕೆ ಶೇ 5 ಸೇರಿ ಸುಮಾರು 2,673 ಮೀಟರ್. ಕಡಲತೀರದ ತಣ್ಣನೆಯ ಊರಿನಲ್ಲಿ 1,800ರಲ್ಲಿ ಮುಗಿಯುತ್ತಿದ್ದದ್ದು ಇಲ್ಲಿ ಒಂದೂವರೆ ಪಟ್ಟಾಯಿತು. ಬಿಸಿಲಿನ ನಾಡಿನ ಗಾಳಿ ತೆಳು, ಎಂಜಿನ್ನಿಗೂ ರೆಕ್ಕೆಗೂ ಹಿಡಿತ ಕಮ್ಮಿ.

ಅದೇ ಕೈಪಿಡಿಯಲ್ಲಿ ಇನ್ನೊಂದು ಸಾಲಿದೆ: ಎತ್ತರ ಮತ್ತು ಉಷ್ಣತೆಯ ತಿದ್ದುಪಡಿ ಸೇರಿ ಶೇ 35 ದಾಟಿದರೆ ಈ ಸೂತ್ರ ಸಾಲದು, ಆ ವಿಮಾನಕ್ಕೇ ಪ್ರತ್ಯೇಕ ಅಧ್ಯಯನ ಬೇಕು. ಮೇಲಿನ ಉದಾಹರಣೆಯಲ್ಲಿ ಅದು ಶೇ 41 ದಾಟಿದೆ. ಹಾಗಾಗಿ ಸಲಹೆಗಾರರ ವರದಿಯಲ್ಲಿ ತಯಾರಕರ ಕಾರ್ಯಕ್ಷಮತೆ ಪಟ್ಟಿ ನೋಡಿ ಲೆಕ್ಕ ಹಾಕಿದ್ದಾರೆಯೇ ಎಂದು ಕೇಳಿ. ಇನ್ನೊಂದು ಉಪಾಯವೂ ಇದೆ, ಅದನ್ನು ಯೋಜನೆಯಲ್ಲಿ ಬರೆಯುವವರು ಕಡಿಮೆ. ಬೇಸಿಗೆಯ ವೇಳಾಪಟ್ಟಿಯನ್ನು ಬೆಳಿಗ್ಗೆ, ಸಂಜೆಗೆ ಸರಿಸಿದರೆ ಅದೇ ರನ್‌ವೇಯಲ್ಲಿ ಹೆಚ್ಚು ತೂಕ ಎತ್ತಬಹುದು. ಮತ್ತೆ ನೈಟ್ ಲ್ಯಾಂಡಿಂಗ್ ಮಾತೇ ಬಂತು.

ವಿಮಾನ ಬದಲಾದರೆ ಬದಲಾಗುವುದು ಉದ್ದ ಒಂದೇ ಅಲ್ಲ. ಎಟಿಆರ್-72ಕ್ಕೆ ಅಗ್ನಿಶಾಮಕ ದರ್ಜೆ 5 ಸಾಕು, ಎ320ಗೆ 6 ಬೇಕು. ಗಾಡಿ, ನೀರು, ನೊರೆ, ಜನ ಎಲ್ಲ ಹೆಚ್ಚು. ನೆಲಹಾಸಿನ ದಪ್ಪವೂ ಹೆಚ್ಚು.

4. ಜಾಗ: ಎಷ್ಟು ಅನ್ನುವುದಕ್ಕಿಂತ ಯಾವ ದಿಕ್ಕಿಗೆ

3,000 ಮೀಟರ್ ರನ್‌ವೇ ಎಂದರೆ ಬರೀ 45 ಮೀಟರ್ ಅಗಲದ ಡಾಂಬರು ಪಟ್ಟಿಯಲ್ಲ. ಉಪಕರಣಗಳ ನೆರವಿನಿಂದ ಇಳಿಯುವ ರನ್‌ವೇಗೆ ನಡುಗೆರೆಯಿಂದ ಎರಡೂ ಕಡೆ 140 ಮೀಟರ್ ಖಾಲಿ ಜಾಗ, ಎರಡೂ ತುದಿಯಲ್ಲಿ 60 ಮೀಟರ್ ಬೇಕು. ಅಷ್ಟಕ್ಕೇ ಸುಮಾರು 215 ಎಕರೆ. ಅದರಾಚೆ ರನ್‌ವೇ ಮೀರಿ ಓಡಿದ ವಿಮಾನಕ್ಕೆಂದು 240 ಮೀಟರ್ ಸುರಕ್ಷತಾ ಪ್ರದೇಶ. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಬೆಟ್ಟದ ಅಂಚು ದಾಟಿ ಬಿದ್ದು 158 ಮಂದಿ ಹೋದ ಮೇಲೆ ಈ ಜಾಗದಲ್ಲಿ ಮಿಗಿಸುವ ಮಾತನ್ನು ಯಾರೂ ಆಡಬಾರದು. ಕಲಬುರಗಿ ನಿಲ್ದಾಣ 742 ಎಕರೆಯದು, ಶಿವಮೊಗ್ಗದ್ದು 770 ದಾಟುತ್ತದೆ. ಈ ಅಳತೆ ಅತಿಯಾಯಿತು ಅನ್ನುವಂತಿಲ್ಲ.

ಮರೆತುಹೋಗುವ ತುಂಡೊಂದಿದೆ. ರಾತ್ರಿ, ಮಂಜಿನಲ್ಲಿ ದಾರಿ ತೋರುವ ದೀಪಗಳ ಸಾಲು ರನ್‌ವೇ ತುದಿಯಿಂದ ಹೊರಕ್ಕೆ 900 ಮೀಟರ್ ಚಾಚುತ್ತದೆ, ಸರಳ ವ್ಯವಸ್ಥೆಯಾದರೆ 420 ಮೀಟರ್. ಅಂದರೆ ಬೇಲಿಯಾಚೆ ಯಾರದೋ ತೊಗರಿ ಹೊಲದಲ್ಲಿ. ಮೊದಲ ಭೂಸ್ವಾಧೀನದಲ್ಲಿ ಆ ಸರ್ವೇ ನಂಬರುಗಳನ್ನು ಬಿಟ್ಟರೆ ಹತ್ತು ವರ್ಷದ ಮೇಲೆ ಅಲ್ಲಿ ಸೈಟು ಬಿದ್ದಿರುತ್ತದೆ, ದರ ಹತ್ತು ಪಟ್ಟಾಗಿರುತ್ತದೆ, ಪಹಣಿಯಲ್ಲಿ ಹೊಸ ಹೆಸರುಗಳಿರುತ್ತವೆ. ನಕ್ಷೆ ಮುಂದೆ ಬಂದ ದಿನ ಮೊದಲು ಈ ತುಂಡಿನ ಮೇಲೆ ಬೆರಳಿಡಿ.

ದಿಕ್ಕಿನ ಪಾಠಕ್ಕೆ ಮೈಸೂರೇ ಸಾಕು. ರನ್‌ವೇ ತುದಿಯ ಬಳಿಯೇ ನಂಜನಗೂಡು ಹೆದ್ದಾರಿ, ಜೊತೆಗೆ ರೈಲು ಹಳಿ. 2,750 ಮೀಟರ್‌ಗೆ ಉದ್ದ ಮಾಡುವ ಪ್ರಸ್ತಾವದಲ್ಲಿ ಮೊದಲು ಹೆದ್ದಾರಿಯನ್ನು ರನ್‌ವೇ ಕೆಳಗೆ ಹಾಯಿಸುವ ಮಾತಿತ್ತು, ಆಮೇಲೆ ರಸ್ತೆಯನ್ನೇ ಬೇರೆ ಕಡೆ ತಿರುಗಿಸುವ ಮಾತು ಬಂತು. ವರ್ಷಗಳು ಅದರಲ್ಲೇ ಹೋದವು. ನಿಮ್ಮ ನಿಲ್ದಾಣದ ಎರಡೂ ತುದಿಯಿಂದ ಎರಡೆರಡು ಕಿಲೋಮೀಟರ್ ಒಳಗೆ ಬರಲಿರುವ ಬೈಪಾಸ್, ರೈಲು ಮಾರ್ಗ, ಕಾಲುವೆ, ಕೆಪಿಟಿಸಿಎಲ್ ಹೈಟೆನ್ಷನ್ ಲೈನುಗಳ ಪಟ್ಟಿಯನ್ನು ಆಯಾ ಇಲಾಖೆಗಳಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಹೊಲ ಕಳೆದುಕೊಂಡವರ ಪರಿಹಾರ, ಮನೆಗೊಂದು ಕೆಲಸದ ಭರವಸೆ ಇವೂ ಯೋಜನೆಯ ಭಾಗವೇ. ಎಟಿಆರ್ ನಿಲ್ದಾಣದಲ್ಲಿ ಕೆಲಸಗಳು ಎಷ್ಟು ಹುಟ್ಟುತ್ತವೆ ಎಂಬ ನಿಜವಾದ ಸಂಖ್ಯೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸುಳ್ಳು ಭರವಸೆ ಎರಡನೇ ಹಂತದ ಭೂಸ್ವಾಧೀನದಲ್ಲಿ ಬಡ್ಡಿ ಸಮೇತ ಎದುರಾಗುತ್ತದೆ.

5. ಆಕಾಶವನ್ನೂ ಕಾಯ್ದಿರಿಸಬೇಕು

ದೊಡ್ಡ ರನ್‌ವೇ ಸುತ್ತ ನಾಲ್ಕು ಕಿಲೋಮೀಟರ್ ವ್ಯಾಪ್ತಿಯಲ್ಲಿ 45 ಮೀಟರ್ ಎತ್ತರಕ್ಕೆ ಒಂದು ಕಾಣದ ಚಾವಣಿ ಇರುತ್ತದೆ, ಇಳಿಯುವ ದಾರಿಯಲ್ಲಿ ಅದು ಇನ್ನೂ ತಗ್ಗು. ಎತ್ತರದ ಕಟ್ಟಡ, ಮೊಬೈಲ್ ಟವರ್, ಚಿಮಣಿಗಳಿಗೆ 2015ರ ಎತ್ತರ ನಿರ್ಬಂಧ ನಿಯಮಗಳ ಪ್ರಕಾರ ಅನುಮತಿ ಬೇಕು. ಎಎಐ ಬಣ್ಣ ಹಚ್ಚಿದ ವಲಯ ನಕ್ಷೆಗಳನ್ನು ಸಿದ್ಧಪಡಿಸುತ್ತದೆ. ಈ ನಕ್ಷೆ ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆಯೊಳಗೆ ಸೇರಿರಬೇಕು, ಗ್ರಾಮ ಪಂಚಾಯಿತಿಯ ಗೋಡೆಗೂ ಬರಬೇಕು. ನಕ್ಷೆ ಬರೆಸುವಾಗ ಇವತ್ತಿನ ರನ್‌ವೇಯನ್ನಲ್ಲ, ಇಪ್ಪತ್ತು ವರ್ಷದ ಮೇಲಿನ ಉದ್ದದ ರನ್‌ವೇಯನ್ನು ಇಟ್ಟುಕೊಂಡು ಬರೆಸಿ. ಇದಕ್ಕೆ ಖರ್ಚು ಹೆಚ್ಚಿಲ್ಲ, ತಪ್ಪಿದರೆ ಮಾತ್ರ ಕಟ್ಟಡ ಕೆಡವಬೇಕಾಗುತ್ತದೆ.

ಊರಿನ ಕಸ ಎಲ್ಲಿ ಸುರಿಯುತ್ತಾರೆ ಎಂದೂ ನೋಡಿ. ನಿಲ್ದಾಣದಿಂದ ಹತ್ತು ಕಿಲೋಮೀಟರ್ ಒಳಗೆ ಹಕ್ಕಿಗಳನ್ನು ಸೆಳೆಯುವಂತೆ ಕಸ ಸುರಿಯುವುದು, ಪ್ರಾಣಿವಧೆ ಮಾಡುವುದು ನಿಯಮದ ಪ್ರಕಾರ ನಿಷಿದ್ಧ. ನಗರಸಭೆ ಹೊಸ ಘಟಕಕ್ಕೆ ಜಾಗ ಹುಡುಕುವಾಗ ಇದನ್ನು ನೆನಪಿಸುವವರು ಒಬ್ಬರಾದರೂ ಸಭೆಯಲ್ಲಿರಲಿ.

6. ಇಸವಿ ಬರೆಯಬೇಡಿ, ಷರತ್ತು ಬರೆಯಿರಿ

ಬಹುತೇಕ ಯೋಜನೆಗಳಲ್ಲಿ «ಎರಡನೇ ಹಂತ: ಇಂಥ ಇಸವಿ» ಎಂದಿರುತ್ತದೆ. ಆ ಇಸವಿ ಬರುತ್ತದೆ, ವಿಮಾನ ಬಂದಿರುವುದಿಲ್ಲ. ಇಲ್ಲವೇ ವಿಮಾನ ಮೊದಲೇ ಬಂದು ಜನ ಹೊರಗೆ ಬಿಸಿಲಲ್ಲಿ ನಿಂತಿರುತ್ತಾರೆ. ಹುಬ್ಬಳ್ಳಿಯ ಟರ್ಮಿನಲ್ 2017ರ ಡಿಸೆಂಬರ್‌ನಲ್ಲಿ ತೆರೆಯಿತು, ಇನ್ನೂ ದೊಡ್ಡದಕ್ಕೆ 2024ರ ಮಾರ್ಚ್‌ನಲ್ಲೇ ಅಡಿಗಲ್ಲು ಬಿತ್ತು. ಹೀಗಾಗಿ ಹಂತಗಳನ್ನು ಷರತ್ತಿಗೆ ಕಟ್ಟಿ. ದಟ್ಟಣೆಯ ಗಂಟೆಯಲ್ಲಿ ಬಂದುಹೋಗುವವರ ಸಂಖ್ಯೆ ಟರ್ಮಿನಲ್ ಸಾಮರ್ಥ್ಯದ ಶೇ 60 ಮುಟ್ಟಿದರೆ ವಿನ್ಯಾಸ ಶುರು, ಶೇ 80 ಮುಟ್ಟಿದರೆ ಟೆಂಡರ್. ಎರಡು ವಿಮಾನ ಒಟ್ಟಿಗೆ ನಿಲ್ಲುವ ದಿನಗಳು ವಾರಕ್ಕೆ ಮೂರಾದರೆ ಮೂರನೇ ಪಾರ್ಕಿಂಗ್ ಬೇ. ಜೆಟ್ ಹಾರಿಸುವ ಕಂಪನಿ ಬರವಣಿಗೆಯಲ್ಲಿ ವೇಳಾಪಟ್ಟಿ ಕೊಟ್ಟರೆ ರನ್‌ವೇ ವಿಸ್ತರಣೆ. ಸಂಖ್ಯೆಗಳು ನಿಮ್ಮೂರಿಗೆ ತಕ್ಕಂತೆ ಬದಲಾಗಲಿ, ಆದರೆ ಬರೆದಿರಲಿ.

ಟರ್ಮಿನಲ್ಲಿನ ಒಂದು ಗೋಡೆಯನ್ನು ಮುಂದೆ ಒಡೆದು ಬೆಳೆಸುವಂತೆ ಕಟ್ಟಿಸಿ, ಆ ಕಡೆ ಶೌಚಾಲಯ, ಜನರೇಟರ್, ನೀರಿನ ತೊಟ್ಟಿ ಇಡಿಸಬೇಡಿ. ಕಮಲದಾಕಾರದ ಕಟ್ಟಡ ನೋಡಲು ಚೆಂದ, ಪಕ್ಕಕ್ಕೆ ಬೆಳೆಸುವುದು ಕಷ್ಟ.

ಅನುಮತಿಗಳ ಸರದಿಯನ್ನೂ ಇಲ್ಲೇ ಗಮನಿಸಿ. ವಾಣಿಜ್ಯ ವಿಮಾನ ನಿಲ್ದಾಣಕ್ಕೆ 2006ರ ಪರಿಸರ ಪರಿಣಾಮ ಅಂದಾಜು (ಇಐಎ) ಅಧಿಸೂಚನೆಯಡಿ ಪರಿಸರ ಅನುಮತಿ ಮೊದಲೇ ಬೇಕು. ವಿಜಯಪುರದ ಬುರಣಾಪುರದಲ್ಲಿ ಎಟಿಆರ್‌ಗೆಂದು ಹೊರಟ ಯೋಜನೆ ನಡುವೆ ಏರ್‌ಬಸ್ ಮಟ್ಟಕ್ಕೆ ಏರಿತು, ಕಾಮಗಾರಿ ಬಹುಪಾಲು ಮುಗಿದ ಮೇಲೂ ಪರಿಸರ ಅನುಮತಿಯ ತೊಡಕು ಸುಪ್ರೀಂ ಕೋರ್ಟ್ ಅಂಗಳದಲ್ಲಿತ್ತು. ಅಂತಿಮ ಗಾತ್ರಕ್ಕೇ ಮೊದಲ ಅರ್ಜಿ ಹಾಕಿ, ಕಟ್ಟುವುದನ್ನು ಮಾತ್ರ ಹಂತ ಮಾಡಿ. ಬೆಂಗಳೂರಿನ ಹತ್ತಿರದವರು «ಅಂತರರಾಷ್ಟ್ರೀಯ» ಎಂಬ ಪದ ಬಳಸುವ ಮುಂಚೆ ದೇವನಹಳ್ಳಿ ನಿಲ್ದಾಣದ ಒಪ್ಪಂದ ಓದಿ. 150 ಕಿಲೋಮೀಟರ್ ಒಳಗೆ 2033ರವರೆಗೆ ಅಂಥದ್ದು ಕೂಡದು, ಮೈಸೂರು ಮತ್ತು ಹಾಸನಕ್ಕೆ ಮಾತ್ರ ವಿನಾಯಿತಿ.

7. ವಿಮಾನ ಬರದ ದಿನದ ಖರ್ಚು

ಅಗ್ನಿಶಾಮಕ ಸಿಬ್ಬಂದಿ, ಭದ್ರತೆ, ವಿದ್ಯುತ್, ವಾಯು ಸಂಚಾರ ನಿಯಂತ್ರಣ, ಹುಲ್ಲು ಕತ್ತರಿಸುವುದು, ಇವೆಲ್ಲ ದಿನಕ್ಕೊಂದು ವಿಮಾನ ಬಂದರೂ ಐದು ಬಂದರೂ ಹೆಚ್ಚುಕಡಿಮೆ ಅಷ್ಟೇ. ಉಡಾನ್ ವಿಮಾನಗಳಿಂದ ಇಳಿಯುವ ಶುಲ್ಕ, ನಿಲುಗಡೆ ಶುಲ್ಕ ಬರುವುದಿಲ್ಲ. ಹಾಗಾದರೆ ಆದಾಯ ಎಲ್ಲಿಂದ? ಪೈಲಟ್ ತರಬೇತಿ ಶಾಲೆ ಒಳ್ಳೆಯ ದಾರಿ. 2021ರಲ್ಲಿ ಎಎಐ ತರಬೇತಿ ಸಂಸ್ಥೆಗಳಿಗೆ ಜಾಗ ಕೊಟ್ಟ ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇವೆ. ಖಾಲಿ ರನ್‌ವೇ ಅವರಿಗೆ ಅನುಕೂಲ, ಬಾಡಿಗೆ ನಿಮಗೆ ಅನುಕೂಲ. ಹ್ಯಾಂಗರ್‌ಗೆ, ವಿಮಾನದ ಬಿಡಿಭಾಗ ತಯಾರಕರಿಗೆ ಒಂದಿಷ್ಟು ಎಕರೆಯನ್ನು ವಿಮಾನ ನಿಲ್ಲಿಸುವ ಅಂಗಳಕ್ಕೆ (ಏಪ್ರನ್) ಹೊಂದಿಕೊಂಡಂತೆ ಬಿಟ್ಟಿರಿ. ಕಾರ್ಗೋ ಬಗ್ಗೆ ಅತಿಯಾಸೆ ಬೇಡ. ಅಡಿಕೆ, ತೊಗರಿ, ಮೆಕ್ಕೆಜೋಳಕ್ಕೆ ಲಾರಿ ಸಾಕು. ಹೂವು, ಔಷಧ, ತುರ್ತು ಬಿಡಿಭಾಗ ಎಷ್ಟಿದೆ ಎಂದು ನೋಡಿ ಸಣ್ಣ ಕೊಠಡಿಯೊಂದರಿಂದ ಶುರು ಮಾಡಿದರಾಯಿತು.

ವಿಮಾನ ಇಂಧನದ ಮೇಲಿನ ರಾಜ್ಯ ತೆರಿಗೆ, ಪೊಲೀಸ್ ಭದ್ರತೆಯ ವೆಚ್ಚ, ರಿಯಾಯಿತಿ ದರದ ವಿದ್ಯುತ್ತು ಇವೆಲ್ಲ ರಾಜ್ಯದ ಬಜೆಟ್‌ನಿಂದ ಬರುವವು. ಇವುಗಳ ಅವಧಿ ಯಾವಾಗ ಮುಗಿಯುತ್ತದೆ ಎಂದು ಯೋಜನೆಯಲ್ಲಿ ದಿನಾಂಕ ಸಮೇತ ಬರೆದಿಡಿ. ಇಲ್ಲಿ ಮಾತ್ರ ಇಸವಿ ಬೇಕು.

8. ವರ್ಷಕ್ಕೊಮ್ಮೆ ಒಂದು ಹಾಳೆ

ಮಾಸ್ಟರ್ ಪ್ಲಾನ್ ಅನ್ನು ಐದು ವರ್ಷಕ್ಕೊಮ್ಮೆ ಪೂರ್ತಿ ತಿದ್ದಿ. ನಡುವಿನ ವರ್ಷಗಳಲ್ಲಿ, ಬೇಸಿಗೆ ವೇಳಾಪಟ್ಟಿ ಶುರುವಾಗುವ ಮಾರ್ಚ್ ಕೊನೆಗೆ ಮುಂಚೆ, ಸಲಹಾ ಸಮಿತಿಯ ಮುಂದೆ ಒಂದೇ ಹಾಳೆ ಇರಲಿ. ಹೋದ ವರ್ಷ ಎಷ್ಟು ವಿಮಾನ ಬರಬೇಕಿತ್ತು, ಎಷ್ಟು ಬಂದವು, ರದ್ದಾದವುಗಳಲ್ಲಿ ಹವೆಯಿಂದ ಎಷ್ಟು, ಕಂಪನಿಯ ಕಾರಣದಿಂದ ಎಷ್ಟು, ನಮ್ಮ ನಿಲ್ದಾಣದ ಕೊರತೆಯಿಂದ ಎಷ್ಟು? ಸೀಟು ಎಷ್ಟು ತುಂಬಿತು? ಯಾವ ಷರತ್ತು ಹತ್ತಿರ ಬಂತು? ಎರಡೂ ತುದಿಯಾಚೆ ಹೊಸ ಕಟ್ಟಡಕ್ಕೆ ಎಷ್ಟು ಅರ್ಜಿ ಬಂದವು, ಎಷ್ಟಕ್ಕೆ ಎನ್‌ಒಸಿ ಇಲ್ಲದೆಯೇ ಪಂಚಾಯಿತಿ ಲೈಸೆನ್ಸ್ ಕೊಟ್ಟಿದೆ? ಕೊನೆಯ ಪ್ರಶ್ನೆಗೆ ಉತ್ತರ ತರಲು ಸಭೆಗೆ ತಹಶೀಲ್ದಾರರನ್ನೂ ಪಿಡಿಒಗಳನ್ನೂ ಕರೆಯಿರಿ, ಸರ್ವೇ ನಂಬರಿನ ಪಟ್ಟಿಯನ್ನು ಅವರ ಕೈಗೆ ಹದಿನೈದು ದಿನ ಮೊದಲೇ ಕೊಟ್ಟಿರಿ.